ನಿಲ್ಲುವ ಹೊತ್ತಿಗೆ ಗರ್ರ್: ಹಳೆಯ ಆಕ್ಟೇವಿಯಾ ಆರ್‌ಎಸ್‌ನ ಎಬಿಎಸ್ ಹುಡುಕಾಟ

ಕೂಳೂರು ಸೇತುವೆಗೆ ಸ್ವಲ್ಪ ಮೊದಲು ಟ್ರಾಫಿಕ್ ತೆವಳುತ್ತಿತ್ತು. ನನ್ನ ಮುಂದೆ ಮೀನಿನ ಟೆಂಪೊ. ಸ್ಪೀಡ್ ಹತ್ತು ಕಿಲೋಮೀಟರ್ ಕೂಡ ಇರಲಿಲ್ಲ. ಮೆಲ್ಲಗೆ ಬ್ರೇಕ್ ಒತ್ತಿದೆ. ಇನ್ನೇನು ನಿಂತಿತು ಎನ್ನುವಾಗ ಪೆಡಲ್ ಕಾಲಿನಡಿ ಗರ್ರ್ ಎಂದು ನಡುಗಿತು. ಯಾರೋ ಬ್ರೇಕ್ ಬಿಟ್ಟ ಹಾಗಾಯಿತು. ಕಾರು ಇನ್ನೊಂದು ಮೊಳ ಮುಂದೆ ಜಾರಿ ನಿಂತಿತು. ಟೆಂಪೊದ ಹಿಂಬಾಗಿಲಿಗೂ ನನ್ನ ಬಂಪರಿಗೂ ನಡುವೆ ಉಳಿದದ್ದು ಒಂದು ಗೇಣು. ರಸ್ತೆ ಒಣಗಿತ್ತು. ಮಳೆ ಇಲ್ಲ, ಮರಳಿಲ್ಲ, ಎಣ್ಣೆ ಇಲ್ಲ. ಜೋರು ಬ್ರೇಕಿಗೆ ಚಕ್ರ ಲಾಕ್ ಆಗಿ ಜಾರದ ಹಾಗೆ ಬ್ರೇಕನ್ನು ಬಿಟ್ಟು ಬಿಟ್ಟು ಹಿಡಿಸುವುದು ಎಬಿಎಸ್. ಅದಕ್ಕೆ ಅಲ್ಲಿ ಎಂತ ಕೆಲಸ?

ಕಾರು 2005ರ ಸ್ಕೋಡಾ ಆಕ್ಟೇವಿಯಾ ಆರ್‌ಎಸ್. 1.8 ಲೀಟರ್ ಟರ್ಬೊ, 20 ವಾಲ್ವ್, 150 ಕುದುರೆ ಶಕ್ತಿ. ಇದನ್ನು ಸ್ಪೋರ್ಟ್ಸ್ ಕಾರ್ ಎಂದರೆ ಮೂಗು ಮುರಿಯುವವರಿದ್ದಾರೆ. ನಾಲ್ಕು ಬಾಗಿಲು, ಹಿಂದೆ ಎರಡು ಅಕ್ಕಿ ಮೂಟೆ ಹಿಡಿಯುವ ಡಿಕ್ಕಿ, ಹೌದು. ಆದರೆ ಸೋಮೇಶ್ವರದಿಂದ ಆಗುಂಬೆ ಘಾಟಿ ಹತ್ತುವಾಗ ನನ್ನ ಜೊತೆ ಕೂತವರು ಯಾರೂ ಆ ಮಾತು ಆಡಲಿಲ್ಲ. ಅದೇ ಘಾಟಿ ಇಳಿಯುವಾಗ ಬ್ರೇಕ್ ಎಷ್ಟು ಮುಖ್ಯ ಎಂದು ನಾನು ಹೇಳಬೇಕಾಗಿಲ್ಲ.

ನಮ್ಮ ಮನೆ ಕಾಪುವಿನಲ್ಲಿ, ಸಮುದ್ರಕ್ಕೆ ನಡೆದು ಹೋಗುವಷ್ಟು ಹತ್ತಿರ. ರಾತ್ರಿ ಅಂಗಳದಲ್ಲಿ ನಿಂತರೆ ದೀಪಸ್ತಂಭದ ಬೆಳಕು ತೆಂಗಿನ ಗರಿಗಳ ಮೇಲೆ ಸುತ್ತುವುದು ಕಾಣುತ್ತದೆ. ನೋಡಲಿಕ್ಕೆ ಚಂದ. ಕಬ್ಬಿಣಕ್ಕೆ ಮಾತ್ರ ಇಂಥ ಜಾಗ ನರಕ.

ಈ ಗರ್ರ್ ಮೊದಲ ಸಲ ಬಂದದ್ದು ಮಳೆಗಾಲ ಮುಗಿದ ಮೇಲೆ. ಮೀಟರಿನಲ್ಲಿ ದೀಪ ಬರುತ್ತಿರಲಿಲ್ಲ, ಹಾಗಾಗಿ ನಾನೂ ಸುಮ್ನೆ ಇದ್ದೆ. ಕೂಳೂರಿನ ಘಟನೆಯಾಗಿ ಎರಡು ದಿನಕ್ಕೆ ಹಳದಿ ಎಬಿಎಸ್ ದೀಪ ಹೊತ್ತಿತು. ಮಂಗಳೂರಿನ ಒಂದು ವರ್ಕ್‌ಶಾಪಿಗೆ ಕೊಟ್ಟೆ. ಅವರು ಸ್ಕ್ಯಾನ್ ಮಾಡಿದರು. ಬಲ ಮುಂದಿನ ಚಕ್ರದ ವೇಗ ಅಳೆಯುವ ಸೆನ್ಸರ್ ಎಂದು ಬಂತು. ಸೆನ್ಸರ್ ಬದಲಿಸಿದರು. ಮೂರು ವಾರ ಸುಖ. ಆಮೇಲೆ ಮತ್ತೆ ಗರ್ರ್, ಮತ್ತೆ ದೀಪ. ಈ ಸಲ ಅವರು ಹೇಳಿದ್ದು, ‘ಹಾಗಾದ್ರೆ ಎಬಿಎಸ್ ಮಾಡ್ಯೂಲೇ ಹೋಗಿದೆ ಸರ್.’ ಎಬಿಎಸ್ ನಡೆಸುವ ಕಂಪ್ಯೂಟರ್ ಪೆಟ್ಟಿಗೆ ಅದು. ಅವರು ಹೇಳಿದ ರೇಟಿಗೆ ಒಂದು ಒಳ್ಳೆಯ ಸೆಕೆಂಡ್ ಹ್ಯಾಂಡ್ ಸ್ಕೂಟರ್ ಬರುತ್ತದೆ. ಕೀ ವಾಪಸ್ ತಗೊಂಡು ಬಂದೆ.

ನಮ್ಮೂರ ಮೆಕ್ಯಾನಿಕ್ ಅಣ್ಣನಿಗೆ ತೋರಿಸಿದೆ. ಮೂವತ್ತು ವರ್ಷ ಅನುಭವ ಇರುವ ಮನುಷ್ಯ. ಅವರ ಪರಿಹಾರ ಸರಳ.

‘ಆ ಫ್ಯೂಸ್ ತೆಗೆದು ಬಿಸಾಡಿ ಮಾರಾಯ್ರೆ. ನಾವೆಲ್ಲ ಎಬಿಎಸ್ ಇಲ್ಲದ ಅಂಬಾಸಿಡರ್ ಓಡಿಸ್ಲಿಲ್ವಾ? ಎಂತ ಆಯ್ತು?’

ಅವರ ಮಾತಿನಲ್ಲಿ ಅರ್ಧ ಸತ್ಯ ಇದೆ. ಎಬಿಎಸ್ ಸತ್ತರೂ ಮಾಮೂಲಿ ಬ್ರೇಕ್ ಹಾಗೇ ಹಿಡಿಯುತ್ತದೆ. ನಿಜ ಹೇಳಬೇಕೆಂದರೆ, ಬೇಡದ ಹೊತ್ತಿಗೆ ಬ್ರೇಕ್ ಬಿಡಿಸುವ ಎಬಿಎಸ್‌ಗಿಂತ ಪೂರ್ತಿ ಸತ್ತ ಎಬಿಎಸ್ ವಾಸಿ. ಆದರೆ ಈ ಕಾಲದ ಕಾರುಗಳಲ್ಲಿ ಹಿಂದಿನ ಚಕ್ರಕ್ಕೆ ಎಷ್ಟು ಬ್ರೇಕ್ ಹೋಗಬೇಕು ಎಂದು ಹಂಚುವುದೂ ಇದೇ ಪೆಟ್ಟಿಗೆ. ಫ್ಯೂಸ್ ತೆಗೆದರೆ ಹಳದಿ ದೀಪದ ಜೊತೆ ಕೆಂಪು ಬ್ರೇಕ್ ದೀಪವೂ ಬರುತ್ತದೆ. ಹಾಗೆಂದರೆ ಹಂಚುವ ಕೆಲಸವೂ ನಿಂತಿತು, ಜೋರಾಗಿ ಬ್ರೇಕ್ ಹಾಕಿದರೆ ಹಿಂದಿನ ಚಕ್ರ ಮೊದಲು ಲಾಕ್ ಆಗಿ ಕಾರು ತಿರುಗಬಹುದು. ಅಂಬಾಸಿಡರಿನಲ್ಲಿ ಆ ಲೆಕ್ಕವನ್ನು ಕಾರ್ಖಾನೆಯಲ್ಲೇ ಮಾಡಿ ಕಳಿಸುತ್ತಿದ್ದರು. ಇಲ್ಲಿ ಅದು ಕಂಪ್ಯೂಟರಿನ ಪಾಲು.

ಹಾಗಾಗಿ ಶನಿವಾರ ಬೆಳಿಗ್ಗೆ ಅಂಗಳದಲ್ಲಿ ನಾನೇ ಶುರು ಮಾಡಿದೆ. ಸಹಾಯಕ್ಕೆ ಅಕ್ಕನ ಮಗ. ಮಣಿಪಾಲದಲ್ಲಿ ಎಂಜಿನಿಯರಿಂಗ್ ಓದುತ್ತಿದ್ದಾನೆ. ಅವನಿಗೆ ಬೇಕಾದದ್ದು ಮಧ್ಯಾಹ್ನದ ಬಂಗುಡೆ ಸಾರು, ನನಗೆ ಬೇಕಾದದ್ದು ಅವನ ಲ್ಯಾಪ್‌ಟಾಪ್.

ಮೊದಲು ಚಿಲ್ಲರೆ ಅನುಮಾನಗಳನ್ನು ಮುಗಿಸಿದೆವು. ಬ್ಯಾಟರಿ 12.5 ವೋಲ್ಟ್, ಸರಿ ಇದೆ. ಬ್ಯಾಟರಿ ಸೋತಿದ್ದರೂ ಸ್ಟಾರ್ಟ್ ಮಾಡುವಾಗ ಎಬಿಎಸ್ ದೀಪ ಬರುತ್ತದೆ, ಅದಕ್ಕೇ ಅದನ್ನು ಮೊದಲು ನೋಡುವುದು. ಈ ಕಾರಿನಲ್ಲಿ ದೊಡ್ಡ ಫ್ಯೂಸ್‌ಗಳ ಪೆಟ್ಟಿಗೆ ಬ್ಯಾಟರಿಯ ತಲೆಯ ಮೇಲೇ ಕೂತಿದೆ. ಅದರ ಪ್ಲಾಸ್ಟಿಕ್ ಬಿಸಿಗೆ ಕರಗುವುದುಂಟು. ನನ್ನದು ಕರಗಿರಲಿಲ್ಲ, ಟರ್ಮಿನಲ್‌ಗಳಲ್ಲಿ ಹಸಿರು ಕಿಲುಬು ಮಾತ್ರ. ತಿಕ್ಕಿ ತೆಗೆದೆ. ಪೆಡಲ್ ಮೇಲಿನ ಬ್ರೇಕ್ ಲೈಟ್ ಸ್ವಿಚ್ ಸರಿ. ಮುಂದಿನ ಎರಡೂ ಚಕ್ರಗಳನ್ನು ಜ್ಯಾಕ್ ಮೇಲೆ ಎತ್ತಿ, ಮೇಲೆ ಕೆಳಗೆ ಹಿಡಿದು ಅಲ್ಲಾಡಿಸಿದೆ. ಬೇರಿಂಗ್‌ನಲ್ಲಿ ಆಟ ಇಲ್ಲ. ಬೇರಿಂಗ್ ಸವೆದರೆ ಸೆನ್ಸರಿಗೂ ಅದರ ಎದುರು ತಿರುಗುವ ಹಲ್ಲಿನ ರಿಂಗಿಗೂ ನಡುವಿನ ಸಂದು ಬದಲಾಗುತ್ತದೆ, ಆಗಲೂ ಇದೇ ನಾಟಕ ಶುರುವಾಗುತ್ತದೆ.

ಆಮೇಲೆ ಸ್ಕ್ಯಾನ್. ವಿಸಿಡಿಎಸ್ ಎಂಬ ಸಾಫ್ಟ್‌ವೇರ್, ಒಂದು ಕೇಬಲ್, ಹಳೆಯ ಲ್ಯಾಪ್‌ಟಾಪ್. 03ನೇ ವಿಳಾಸದಲ್ಲಿ ಬ್ರೇಕ್ ಕಂಪ್ಯೂಟರ್. ಅಲ್ಲಿ ಸಿಕ್ಕಿದ ಕೋಡ್ 00285. ಈ ಕಂಪನಿಯ ಕಾರುಗಳಲ್ಲಿ 00283 ಎಂದರೆ ಎಡ ಮುಂದಿನ ಸೆನ್ಸರ್, 00285 ಬಲ ಮುಂದಿನದು, 00287 ಬಲ ಹಿಂದಿನದು, 00290 ಎಡ ಹಿಂದಿನದು. ಎಡ ಬಲ ಎಂದರೆ ಸೀಟಿನಲ್ಲಿ ಕೂತು ಮುಂದೆ ನೋಡುವಾಗಿನದು. ಬಾನೆಟ್ ಎದುರು ನಿಂತು ಲೆಕ್ಕ ಹಾಕಿ ತಪ್ಪು ಚಕ್ರ ಬಿಚ್ಚಿದವರನ್ನು ನಾನು ನೋಡಿದ್ದೇನೆ. ಒಮ್ಮೆ ಕನ್ನಡಿಯಲ್ಲೂ ನೋಡಿದ್ದೇನೆ.

ಕೋಡ್ ಕೆಳಗೆ ಇನ್ನೊಂದು ಸಾಲು ಇತ್ತು. ಸಿಗ್ನಲ್ ನಂಬುವ ಹಾಗಿಲ್ಲ ಎಂಬ ಅರ್ಥದ್ದು. ವರ್ಕ್‌ಶಾಪಿನವರು ಓದದೇ ಬಿಟ್ಟದ್ದು ಈ ಸಾಲನ್ನೇ ಇರಬೇಕು. ತಂತಿ ತುಂಡಾಗಿದ್ದರೆ, ಶಾರ್ಟ್ ಆಗಿದ್ದರೆ, ಕಂಪ್ಯೂಟರ್ ಅದನ್ನೇ ಹೇಳುತ್ತಿತ್ತು. ಇಲ್ಲಿ ಅದು ಹೇಳುತ್ತಿರುವುದು ಬೇರೆ. ಸೆನ್ಸರ್ ಮಾತಾಡುತ್ತಿದೆ, ಆದರೆ ಹೇಳುವುದು ತಾಳೆಯಾಗುತ್ತಿಲ್ಲ. ಸುದ್ದಿ ತಂದವನದ್ದು ತಪ್ಪೋ, ಸುದ್ದಿಯೇ ಹಾಗಿತ್ತೋ?

ಈ ಹಳೆಯ ಕಾರಿನ ಸೆನ್ಸರ್ ಬಹಳ ಸರಳ ವಸ್ತು. ಒಂದು ಅಯಸ್ಕಾಂತ, ಅದರ ಸುತ್ತ ತಾಮ್ರದ ತಂತಿಯ ಸುರುಳಿ, ಅಷ್ಟೇ. ಎದುರಿಗೆ ಆಕ್ಸಲಿನ ತುದಿಯ ಕೀಲಿನ, ಅಂದರೆ ಸಿ.ವಿ. ಜಾಯಿಂಟಿನ ಮೇಲೆ ಹಲ್ಲಿನ ರಿಂಗ್ ಒಂದು ಬಿಗಿಯಾಗಿ ಕೂತಿರುತ್ತದೆ. ಚಕ್ರ ತಿರುಗಿದಾಗ ಹಲ್ಲು ಬಂತು, ಸಂದು ಬಂತು, ಮತ್ತೆ ಹಲ್ಲು ಬಂತು. ಪ್ರತಿ ಸಲ ಸುರುಳಿಯಲ್ಲಿ ಒಂದಿಷ್ಟು ಕರೆಂಟ್ ಹುಟ್ಟುತ್ತದೆ. ಚಕ್ರ ಜೋರಾಗಿ ತಿರುಗಿದರೆ ಅಲೆ ದೊಡ್ಡದು, ನಿಧಾನವಾದರೆ ಸಣ್ಣದು. ತೀರಾ ನಿಧಾನವಾದರೆ ಕಂಪ್ಯೂಟರಿಗೆ ಕೇಳಿಸುವುದೇ ಇಲ್ಲ. ಒಂದು ಚಕ್ರದ ದನಿ ಉಳಿದ ಮೂರಕ್ಕಿಂತ ಮೊದಲೇ ಅಡಗಿದರೆ ಕಂಪ್ಯೂಟರ್ ಎಂತ ತಿಳಿಯುತ್ತದೆ? ಮೂರು ಚಕ್ರ ತಿರುಗುತ್ತಿವೆ, ಇದೊಂದು ಲಾಕ್ ಆಗಿದೆ ಎಂದು. ತಕ್ಷಣ ವಾಲ್ವ್ ತೆರೆದು ಆ ಚಕ್ರದ ಬ್ರೇಕ್ ಬಿಡಿಸುತ್ತದೆ. ಅದೇ ಆ ಗರ್ರ್. ನಿಲ್ಲುವ ಕೊನೆಯ ಗಳಿಗೆಯಲ್ಲಿ ಮಾತ್ರ ಯಾಕೆ ಬರುತ್ತದೆ ಎಂಬುದಕ್ಕೆ ಉತ್ತರ ಇಲ್ಲೇ ಇದೆ. ಪೆಟ್ಟಿಗೆ ಹುಚ್ಚಾಗಿಲ್ಲ. ಕಿವಿಗೆ ಬಿದ್ದದ್ದನ್ನು ನಂಬಿ ಸರಿಯಾದ ಕೆಲಸವನ್ನೇ ಮಾಡುತ್ತಿದೆ.

ಇದನ್ನು ಕಣ್ಣಾರೆ ನೋಡಬೇಕಿತ್ತು. ಮರುದಿನ ಬೆಳಿಗ್ಗೆ ಆರು ಗಂಟೆಗೆ ಮಟ್ಟು ಕಡೆ ಹೊರಟೆವು. ಒಂದು ಬದಿ ಸಮುದ್ರ, ಇನ್ನೊಂದು ಬದಿ ಹೊಳೆ, ನಡುವೆ ಸಪೂರ ರಸ್ತೆ. ಅಷ್ಟು ಹೊತ್ತಿಗೆ ಅಲ್ಲಿ ನಾಯಿಗಳು ಬಿಟ್ಟರೆ ಯಾರೂ ಇರುವುದಿಲ್ಲ. ಹುಡುಗ ಪಕ್ಕದಲ್ಲಿ ಲ್ಯಾಪ್‌ಟಾಪ್ ಹಿಡಿದು ಕೂತ. ಪರದೆಯಲ್ಲಿ ನಾಲ್ಕು ಚಕ್ರದ ವೇಗ ಒಟ್ಟಿಗೆ ಕಾಣುತ್ತದೆ. ಮೂವತ್ತರಲ್ಲಿ ನಾಲ್ಕೂ ಮೂವತ್ತು. ಇಪ್ಪತ್ತರಲ್ಲೂ ಸರಿ. ಹತ್ತಕ್ಕೆ ಇಳಿಸಿದೆ.

‘ಮಾಮ, ಒಂಬತ್ತು, ಒಂಬತ್ತು, ಒಂಬತ್ತು... ಬಲ ಮುಂದಿನದು ಆರು. ಈಗ ಸೊನ್ನೆ! ಈಗ ಎಂಟು!’

ಗರ್ರ್.

ಈ ಹಳೆಯ ಕಾರುಗಳಿಂದ ಲ್ಯಾಪ್‌ಟಾಪಿಗೆ ಮಾಹಿತಿ ಬರುವ ಲೈನ್ ನಿಧಾನ. ಸೆಕೆಂಡಿಗೆ ಎರಡು ಮೂರು ಸಲ ಮಾತ್ರ ಅಂಕಿ ಬದಲಾಗುತ್ತದೆ. ಹಾಗಾಗಿ ಒಂದೇ ಸಲ ನೋಡಿ ಸರಿ ಇದೆ ಎಂದು ಬಿಡಬಾರದು. ನಾವು ಹತ್ತು ಹನ್ನೆರಡು ಸಲ ಹೋಗಿ ಬಂದೆವು. ಪ್ರತಿ ಸಲವೂ ಅದೇ ಚಕ್ರ.

ಮನೆಗೆ ಬಂದು ಚಕ್ರ ಬಿಚ್ಚಿ ಸೆನ್ಸರಿನ ಪ್ಲಗ್ ತೆಗೆದು ಮೀಟರ್ ಹಿಡಿದೆ. ಬಲ 1.1 ಕಿಲೋ ಓಮ್. ಎಡ 1.1 ಕಿಲೋ ಓಮ್. ತಂತಿಯನ್ನು ಅಲ್ಲಾಡಿಸಿದೆ, ಸ್ಟಿಯರಿಂಗ್ ಎರಡೂ ಕೊನೆಗೆ ತಿರುಗಿಸಿದೆ. ಅಂಕಿ ಕದಲಲಿಲ್ಲ. ಅಂದರೆ ಹೊಸ ಸೆನ್ಸರ್ ಸರಿ ಇದೆ, ತಂತಿಯೂ ಸರಿ ಇದೆ.

ಇಲ್ಲಿ ಹುಡುಗನ ಚೀಲದಿಂದ ಹೊರಬಂತು ಅಂಗೈಯಷ್ಟು ಅಗಲದ ಓಸಿಲೋಸ್ಕೋಪ್, ಕರೆಂಟಿನ ಅಲೆಯನ್ನು ಪರದೆಯಲ್ಲಿ ಗೆರೆಯಾಗಿ ತೋರಿಸುವ ಯಂತ್ರ. ಕಾಲೇಜಿನ ಪ್ರಾಜೆಕ್ಟಿಗೆ ತಾನೇ ಬೆಸುಗೆ ಹಾಕಿ ಜೋಡಿಸಿದ ಕಿಟ್. ನಾನು ಒಳಗೊಳಗೇ ನಕ್ಕೆ, ಆಟಿಕೆ ಎಂದು. ಸೆನ್ಸರಿನ ಎರಡು ಪಿನ್ನಿಗೆ ಅದನ್ನು ಸಿಕ್ಕಿಸಿ ಚಕ್ರದ ಹಬ್ಬನ್ನು ಕೈಯಲ್ಲಿ ತಿರುಗಿಸಿದೆವು. ಎಡಬದಿಯಲ್ಲಿ ಒಂದೇ ಎತ್ತರದ ಅಲೆಗಳ ಸಾಲು, ಹೊಲಿಗೆ ಮಿಷನ್ ಹಾಕಿದ ಹಾಗೆ. ಬಲಬದಿಯಲ್ಲಿ ಅರ್ಧ ಸುತ್ತು ಅಲೆ ದೊಡ್ಡದು, ಇನ್ನರ್ಧ ಸುತ್ತು ತೀರಾ ಕುಳ್ಳ. ಸುತ್ತಿಗೊಂದು ಸಲ, ಸರಿಯಾಗಿ ಒಂದೇ ಕಡೆ, ಎರಡು ಅಲೆಗಳ ನಡುವೆ ಅಗಲದ ಖಾಲಿ ಜಾಗ. ನನ್ನ ನಗು ನಿಂತಿತು. ಮಲ್ಟಿಮೀಟರಿನಲ್ಲಿ ಇದು ಯಾವ ಜನ್ಮಕ್ಕೂ ಕಾಣುತ್ತಿರಲಿಲ್ಲ. ಅದು ಎಲ್ಲವನ್ನೂ ಕಲಸಿ ಸರಾಸರಿ ತೋರಿಸಿಬಿಡುತ್ತದೆ.

ಟಾರ್ಚ್ ಹಾಕಿ, ಒಂದು ಹಲ್ಲಿಗೆ ಚಾಕ್‌ಪೀಸ್ ಗುರುತು ಮಾಡಿ, ಒಂದೊಂದೇ ಹಲ್ಲು ಎಣಿಸುತ್ತಾ ತಿರುಗಿಸಿದೆ. ಇಪ್ಪತ್ತೆಂಟನೆಯ ಹಲ್ಲಿನ ಬುಡದಲ್ಲಿ ರಿಂಗ್ ಸೀಳಿತ್ತು. ಉಗುರು ತೂರುವಷ್ಟು ಬಿರುಕು.

ರಿಂಗ್ ತಾನಾಗಿ ಸೀಳಿದ್ದಲ್ಲ. ಕಬ್ಬಿಣ ತುಕ್ಕಾದಾಗ ಮೊದಲಿಗಿಂತ ಜಾಸ್ತಿ ಜಾಗ ಬೇಡುತ್ತದೆ. ಸಮುದ್ರದ ಬದಿಯ ಹಳೆ ಮನೆಗಳ ಸ್ಲ್ಯಾಬ್ ನೋಡಿದವರಿಗೆ ಇದು ಗೊತ್ತು. ಒಳಗಿನ ಸರಳು ಉಬ್ಬಿ ಕಾಂಕ್ರೀಟನ್ನೇ ಒಡೆದು ಬೀಳಿಸುತ್ತದೆ. ಇಲ್ಲೂ ಅದೇ ಕಥೆ. ಜಾಯಿಂಟಿಗೂ ರಿಂಗಿಗೂ ನಡುವೆ ತುಕ್ಕು ಪದರ ಪದರವಾಗಿ ಬೆಳೆದು ರಿಂಗನ್ನು ಹೊರಗೆ ನೂಕಿತ್ತು. ಮೊದಲು ರಿಂಗ್ ಒಂದು ಬದಿಗೆ ಓರೆಯಾಗಿದೆ, ಅದಕ್ಕೇ ಅರ್ಧ ಸುತ್ತು ದೊಡ್ಡ ಅಲೆ, ಅರ್ಧ ಸುತ್ತು ಸಣ್ಣ ಅಲೆ. ಆಮೇಲೆ ತಾಳಲಾರದೆ ಸೀಳಿದೆ. ಹೊಸ ಸೆನ್ಸರ್ ಮೂರು ವಾರ ಬಾಳಿದ್ದು ಯಾಕೆ ಎಂದೂ ಹೊಳೆಯಿತು. ಸೆನ್ಸರ್ ಹಾಕುವಾಗ ಅವರು ತೂತನ್ನು ತಿಕ್ಕಿ ಸ್ವಚ್ಛ ಮಾಡಿರುತ್ತಾರೆ, ಅದು ಸ್ವಲ್ಪ ಒಳಗೆ ಕೂತಿದೆ, ದನಿ ಸ್ವಲ್ಪ ಜೋರಾಗಿದೆ. ತುಕ್ಕು ಮಾತ್ರ ಅದರ ಪಾಡಿಗೆ ಬೆಳೆಯುತ್ತಲೇ ಇತ್ತು.

ಉಡುಪಿ ಕಡೆ ವರ್ಷಕ್ಕೆ 4,000 ಮಿಲಿಮೀಟರ್ ಆಸುಪಾಸು ಮಳೆ ಬೀಳುತ್ತದೆ. ಆದರೆ ಬರೀ ಮಳೆನೀರಿನ ಮೇಲೆ ಪೂರ್ತಿ ತಪ್ಪು ಹಾಕಲಾರೆ. ಹೆದ್ದಾರಿಯಲ್ಲಿ ಮೀನಿನ ಲಾರಿಗಳ ಹಿಂದೆ ಹೋದವರಿಗೆ ಗೊತ್ತು, ಅವುಗಳಿಂದ ಉಪ್ಪುನೀರು ದಾರಿಯುದ್ದಕ್ಕೂ ಸುರಿಯುತ್ತಿರುತ್ತದೆ. ಬೈಕಿನವರು ಜಾರಿ ಬೀಳುವ ಹೆದರಿಕೆಯಲ್ಲಿ ಬೈಯುತ್ತಾರೆ. ಕಾರಿನವರು ಗಾಜು ಏರಿಸಿ ವಾಸನೆ ತಪ್ಪಿಸಿಕೊಳ್ಳುತ್ತಾರೆ. ಆ ನೀರು ಚಕ್ರದ ಒಳಗೆ ಎಲ್ಲಿಗೆ ಹೋಗುತ್ತದೆ ಎಂದು ನಾನೂ ಯೋಚಿಸಿರಲಿಲ್ಲ.

ರಿಂಗ್ ಆರ್ಡರ್ ಮಾಡಿದೆ. ಬಂದದ್ದನ್ನು ಎಣಿಸಿದರೆ 47 ಹಲ್ಲು. ನನ್ನ ಹಳೆಯದಕ್ಕೆ 43. ಇದನ್ನು ಹಾಕಿದ್ದರೆ ಕಾರು ಅರವತ್ತರಲ್ಲಿ ಹೋಗುವಾಗ ಆ ಒಂದು ಚಕ್ರ ಅರವತ್ತೈದು ಚಿಲ್ಲರೆ ತೋರಿಸುತ್ತಿತ್ತು, ಕಂಪ್ಯೂಟರ್ ಮತ್ತೆ ತಲೆ ಕೆರೆದುಕೊಳ್ಳುತ್ತಿತ್ತು. ವಾಪಸ್ ಕಳಿಸಿ ಸರಿಯಾದದ್ದು ಬರುವಷ್ಟರಲ್ಲಿ ಹತ್ತು ದಿನ. ಹಳೆ ರಿಂಗಿನ ಹಲ್ಲು ಎಣಿಸದೆ, ಒಳ ಅಳತೆ ತೆಗೆಯದೆ ಯಾರೂ ಆರ್ಡರ್ ಮಾಡಬೇಡಿ. ಡಬ್ಬದ ಮೇಲೆ ಕಾರಿನ ಹೆಸರು ಬರೆದಿದ್ದರೆ ಸಾಲದು.

ಕೆಲಸದ ದಿನ ಮೆಕ್ಯಾನಿಕ್ ಅಣ್ಣನನ್ನೂ ಕರೆದೆ. ಆಕ್ಸಲ್ ನಟ್ ಬಿಚ್ಚಲು ನನ್ನ ತೋಳು ಸಾಲುವುದಿಲ್ಲ. ಕಾರು ನೆಲದ ಮೇಲಿರುವಾಗಲೇ, ಹುಡುಗ ಬ್ರೇಕ್ ಒತ್ತಿ ಹಿಡಿದು, ಅಣ್ಣ ಉದ್ದದ ಪೈಪ್ ಹಾಕಿ ಜಗ್ಗಿದರು. ಕಾಲು ಸುತ್ತು ಸಡಿಲಿಸಿ ನಿಲ್ಲಿಸಿದೆವು. ಅದಕ್ಕಿಂತ ಜಾಸ್ತಿ ಸಡಿಲ ಮಾಡಿ ಕಾರಿನ ಭಾರ ಬಿಟ್ಟರೆ ಬೇರಿಂಗ್ ಹಾಳಾಗುತ್ತದೆ. ಉಳಿದದ್ದನ್ನು ಕಾರು ಎತ್ತಿ ಸ್ಟ್ಯಾಂಡ್ ಮೇಲೆ ಕೂರಿಸಿದ ಮೇಲೆ ಬಿಚ್ಚಿದ್ದು. ಬರೀ ಜ್ಯಾಕ್ ನಂಬಿ ಕೆಳಗೆ ಕೈ ಹಾಕಬೇಡಿ, ನಮ್ಮ ಅಂಗಳದ ಕೆಂಪು ಮಣ್ಣಿನ ಮೇಲಂತೂ ಬೇಡವೇ ಬೇಡ. ಸ್ಟ್ಯಾಂಡಿನ ಅಡಿಗೆ ಎರಡು ದಪ್ಪ ಹಲಗೆ ಹಾಕಿದ್ದೆ.

ಸೆನ್ಸರನ್ನು ಹಿಡಿದಿರುವುದು ಒಂದೇ ಅಲೆನ್ ಬೋಲ್ಟ್. ಅದು ಸುಲಭವಾಗಿ ಬಂತು, ಹೊಸದಾಗಿ ಹಾಕಿದ್ದಲ್ವಾ. ಕೆಳಗಿನ ಆರ್ಮಿನಿಂದ ಬಾಲ್ ಜಾಯಿಂಟಿನ ಮೂರು ಬೋಲ್ಟ್ ತೆಗೆದು, ಚಕ್ರ ಹಿಡಿದಿರುವ ಇಡೀ ಕಾಲನ್ನು ಹೊರಗೆ ಎಳೆದು ಆಕ್ಸಲ್ ಜಾರಿಸಿದೆವು. ಗೇರ್‌ಬಾಕ್ಸ್ ಕಡೆಯದ್ದನ್ನು ಮುಟ್ಟುವ ಅಗತ್ಯ ಬೀಳಲಿಲ್ಲ. ಬ್ರೇಕ್ ಪೈಪ್ ಎಳೆದುಕೊಳ್ಳದ ಹಾಗೆ ಕ್ಯಾಲಿಪರನ್ನು ತಂತಿ ಕಟ್ಟಿ ನೇತುಹಾಕಿದ್ದೆವು. ಸೀಳಿದ ರಿಂಗ್ ಉಳಿಯ ಎರಡೇ ಪೆಟ್ಟಿಗೆ ಬಂತು. ಅದರ ಅಡಿಯಿಂದ ಉದುರಿದ ತುಕ್ಕು ಹಳೆ ಹಪ್ಪಳದ ಹಾಗೆ ಚೂರು ಚೂರು.

ಈ ಇಡೀ ಕೆಲಸದಲ್ಲಿ ಜಾಸ್ತಿ ಹೊತ್ತು ಹಿಡಿದದ್ದು ಜಾಯಿಂಟಿನ ಮೈ ತಿಕ್ಕುವುದು. ರಬ್ಬರ್ ಬೂಟಿನೊಳಗೆ ತುಕ್ಕಿನ ಪುಡಿ ಹೋಗದ ಹಾಗೆ ಪ್ಲಾಸ್ಟಿಕ್ ಸುತ್ತಿ, ವೈರ್ ಬ್ರಷ್, ಆಮೇಲೆ ಎಮರಿ ಪೇಪರ್. ಒಂದೂವರೆ ಗಂಟೆ. ಬೆಳ್ಳಗಿನ ಕಬ್ಬಿಣ ಕಾಣುವ ತನಕ ಬಿಡಬಾರದು. ಇಲ್ಲಿ ಅವಸರ ಮಾಡಿದರೆ ಹೊಸ ರಿಂಗೂ ಓರೆಯಾಗಿಯೇ ಕೂರುತ್ತದೆ.

ಹೊಸ ರಿಂಗನ್ನು ಸುತ್ತಿಗೆಯಿಂದ ಹೊಡೆದು ಕೂರಿಸಲು ಅಣ್ಣ ಸಿದ್ಧರಾಗಿದ್ದರು. ನಾನು ತಡೆದೆ. ಒಂದು ಹಲ್ಲು ಬಗ್ಗಿದರೂ ಮತ್ತೆ ಅದೇ ಕಥೆ. ಕಬ್ಬಿಣ ಬಿಸಿಯಾದರೆ ಹಿಗ್ಗುತ್ತದೆ. ಎತ್ತಿನಗಾಡಿಯ ಚಕ್ರಕ್ಕೆ ಪಟ್ಟಿ ಹಾಕುತ್ತಿದ್ದವರ ಉಪಾಯ. ಅಮ್ಮ ಕೇಕ್ ಮಾಡುವ ಓವನ್ ಇತ್ತು. 200 ಡಿಗ್ರಿಗೆ ಇಟ್ಟು ಇಪ್ಪತ್ತು ನಿಮಿಷ ಕಾದೆ. ಅಮ್ಮ ಅಡುಗೆಮನೆಗೆ ಬಂದು ಗಾಜಿನಿಂದ ಇಣುಕಿದರು.

‘ಎಂತ ಇಟ್ಟಿದ್ದಿ ಮಾರಾಯ ಇದರಲ್ಲಿ? ಚಕ್ಕುಲಿಯಾ?’

ಇಕ್ಕುಳದಲ್ಲಿ ಹಿಡಿದು ಓಡಿ ಬಂದು ಜಾಯಿಂಟಿನ ಮೇಲೆ ಇಟ್ಟೆ. ಟಕ್ ಎಂದು ತಾನಾಗಿಯೇ ಕೂತಿತು. ಸುತ್ತಿಗೆ ಬೇಕಾಗಲಿಲ್ಲ. ನಾಲ್ಕೈದು ಸೆಕೆಂಡ್ ತಡ ಮಾಡಿದ್ದರೆ ಅರ್ಧದಲ್ಲೇ ಸಿಕ್ಕಿಬೀಳುತ್ತಿತ್ತು, ಹಾಗಾಗಿ ಓವನಿನಿಂದ ಕಾರಿನ ತನಕದ ದಾರಿಯಲ್ಲಿ ಚಪ್ಪಲಿ, ಬೆಕ್ಕು ಏನೂ ಇಲ್ಲದ ಹಾಗೆ ಮೊದಲೇ ನೋಡಿಕೊಂಡಿದ್ದೆ. ‘ಇದು ಪರವಾಗಿಲ್ಲ ಆಯ್ತಾ’ ಎಂದರು ಅಣ್ಣ. ಅವರಿಂದ ಇಷ್ಟು ಬಂದರೆ ದೊಡ್ಡ ಮಾತು.

ಜೋಡಿಸುವುದು ಬಿಚ್ಚಿದ್ದರ ತಿರುವು. ಆಕ್ಸಲ್ ನಟ್ ಮಾತ್ರ ಹೊಸದು ಹಾಕಿದೆ. ಅದು ಒಂದೇ ಸಲ ಬಳಸುವ ನಟ್. ನಟ್ಟಿನ ಬಗೆಗೆ ತಕ್ಕ ಹಾಗೆ ಬಿಗಿಸುವ ಅಳತೆ ಬೇರೆ ಇರುತ್ತದೆ, ಸರ್ವಿಸ್ ಪುಸ್ತಕ ನೋಡಿ ಟಾರ್ಕ್ ರೆಂಚಿನಲ್ಲೇ ಬಿಗಿಸಬೇಕು. ಬ್ರೇಕ್ ಆಯಿಲಿನ ಲೈನ್ ತೆರೆದಿರಲಿಲ್ಲ, ಹಾಗಾಗಿ ಗಾಳಿ ತೆಗೆಯುವ ತಲೆನೋವು ಇಲ್ಲ.

ಚಕ್ರ ಹಾಕುವ ಮೊದಲು ಮತ್ತೆ ಆಟಿಕೆ ಓಸಿಲೋಸ್ಕೋಪ್. 43 ಅಲೆ, ಎಲ್ಲವೂ ಒಂದೇ ಎತ್ತರ. ಕೋಡ್ ಅಳಿಸಿ ಮಟ್ಟುವಿಗೆ ಹೋದೆವು. ಹತ್ತು, ಎಂಟು, ಆರು, ನಾಲ್ಕು. ನಾಲ್ಕೂ ಚಕ್ರ ಒಟ್ಟಿಗೆ ಇಳಿದು ಒಟ್ಟಿಗೆ ಸೊನ್ನೆಗೆ ಬಂದವು. ಪೆಡಲ್ ಮೌನ. ಆಮೇಲೆ ರಸ್ತೆಗೆ ಮರಳು ಹಾರಿ ಬಿದ್ದ ಕಡೆ ನಲವತ್ತರಲ್ಲಿ ಜೋರಾಗಿ ಒತ್ತಿದೆ. ಅಲ್ಲಿ ಗರ್ರ್ ಎಂದಿತು, ಕಾರು ನೇರವಾಗಿ ನಿಂತಿತು. ಈ ಸಲ ಆ ಸದ್ದು ಕೇಳಿ ಖುಷಿಯಾಯಿತು.

ಅದಾಗಿ ಎರಡು ತಿಂಗಳು. ದೀಪ ಬಂದಿಲ್ಲ. ರಿಂಗ್, ನಟ್, ಅಣ್ಣನ ಅರ್ಧ ದಿನದ ಕೂಲಿ, ಎಲ್ಲ ಸೇರಿ ನಾಲ್ಕು ಸಾವಿರದೊಳಗೆ ಮುಗಿಯಿತು. ಕಳೆದ ಭಾನುವಾರ ಎಡಬದಿಯ ಅಲೆಯನ್ನು ಮತ್ತೆ ನೋಡಿದೆವು. ಎತ್ತರದಲ್ಲಿ ಸಣ್ಣ ಏರಿಳಿತ ಶುರುವಾಗಿದೆ, ಬಿರುಕು ಇನ್ನೂ ಇಲ್ಲ. ಇನ್ನೊಂದು 43 ಹಲ್ಲಿನ ರಿಂಗ್ ತರಿಸಿ ಇಟ್ಟಿದ್ದೇನೆ. ಮಳೆ ಹಿಡಿಯುವ ಮೊದಲು ಹಾಕಬೇಕು. ಅಮ್ಮ ಓವನಿಗೆ ಬೀಗ ಹಾಕುವ ಮೊದಲು ಎಂದರೂ ಸರಿ.